ಮೈಲುರಾಯರ ಹಾಸಿಗೆ

ಊರಿಗೆ ಹೋಗಿಬಂದವರು ಸಿಕ್ಕರೆ ಮಿಕ್ಕವರೆಲ್ಲ ಅಪ್ಪ ಅಮ್ಮ ಹೇಗಿದ್ದಾರೆ ಅಂತ ಕೇಳುತ್ತಾರೆ. ಆಮೇಲೆ ಬೆಂಗಳೂರಿನ ಟ್ರಾಫಿಕ್ಕು, ಆಮೇಲೆ ಮಾವಿನಹಣ್ಣು. ಮೈಲುರಾಯರದು ಒಂದೇ ಪ್ರಶ್ನೆ: "ಎಷ್ಟಕ್ಕೆ ಹೋದ್ರಿ?" ನೀವು ಪಾಪ, ಸಾವಿರದ ಇನ್ನೂರು ಡಾಲರಿಗೆ ಸಿಕ್ಕಿತು ಅಂತ ತುಸು ಹೆಮ್ಮೆಯಿಂದಲೇ ಹೇಳಿರುತ್ತೀರಿ. ರಾಯರು ಕಣ್ಣು ಮುಚ್ಚಿ, ಕೈಯಲ್ಲಿದ್ದ ಬಿಸಿಬೇಳೆಬಾತಿನ ತಟ್ಟೆ ಕೆಳಗಿಟ್ಟು, ಸೂತಕದ ಮನೆಯ ದನಿಯಲ್ಲಿ "ಎಕಾನಮಿ..." ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಯುಗಾದಿ ಮುಗಿಯಿತು. ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ದರೆ ಅಟ್ಲಾಂಟಿಕ್ ಮೇಲೆ ಹೇಗೆ ಕಾಲು ಚಾಚಿ ಮಲಗಿಕೊಂಡು ಹೋಗಬಹುದಾಗಿತ್ತು ಅನ್ನುವ ಕಥೆಯನ್ನು ಪಾಯಸ ಆರುವವರೆಗೂ ಕೇಳಬೇಕು.

ನಮ್ಮ ನ್ಯೂಜೆರ್ಸಿಯ ಎಡಿಸನ್ ಕಡೆ ಇವರಿಗೆ ಮೈಲುರಾಯರು ಅಂತಲೇ ಹೆಸರು. ಅಸಲು ಹೆಸರು ಬೋರ್ಡಿಂಗ್ ಪಾಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿಲ್ಲ. ಇಂಥವರು ಇವರೊಬ್ಬರೇ ಅಂತಲೂ ಅಲ್ಲ. ಬಾಸ್ಟನ್ನಿನಲ್ಲಿ ಒಬ್ಬರಿದ್ದಾರೆ, ಲಂಡನ್ನಿನ ಹ್ಯಾರೋದಲ್ಲಿ ಒಬ್ಬರಿದ್ದಾರೆ. ಹ್ಯಾರೋದವರು ಈ ಕಡೆ ಬರುವ ಲೆಕ್ಕ ಹಾಕುತ್ತಾರೆ, ನಮ್ಮವರು ಆ ಕಡೆ ಹೋಗುವ ಲೆಕ್ಕ. ನಡುವಿನ ನೀರು ಒಂದೇ. ವಯಸ್ಸು ಐವತ್ತರ ಆಚೀಚೆ, ಕಂಪ್ಯೂಟರ್ ಕೆಲಸ, ಮನೆ ಸಾಲ ತೀರುತ್ತಾ ಬಂದಿರುತ್ತದೆ, ಮಕ್ಕಳು ಕಾಲೇಜಿನ ಹಾಸ್ಟೆಲು ಸೇರಿರುತ್ತಾರೆ. ಬಿಸಿನೆಸ್ ಕ್ಲಾಸಿಗೆ ಪೂರ್ತಿ ದುಡ್ಡು ಎಣಿಸುವ ತಾಕತ್ತು ಖಂಡಿತ ಇರುತ್ತದೆ. ಆದರೆ ಎಣಿಸುವುದಿಲ್ಲ. ಎಣಿಸಿಬಿಟ್ಟರೆ ಅದು ಬರೀ ಸೀಟು. ಎಣಿಸದೆ ಕೂತರೆ ಗೆದ್ದ ಹಾಗೆ.

ರಾಯರು ಮೊದಲು ಅಟ್ಲಾಂಟಿಕ್ ದಾಟಿದ್ದು 1998ರಲ್ಲಿ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳಿಗೆ ತಲೆ ಕೆಡುತ್ತದೆ ಅಂತ ಅಮೆರಿಕದವರು ಹೆದರಿ ನಮ್ಮವರನ್ನು ಸಾಲುಸಾಲಾಗಿ ಕರೆಸಿಕೊಂಡ ಕಾಲ. ಮೈಸೂರಿನ ಹೈಸ್ಕೂಲು ಗಣಿತದ ಮೇಷ್ಟ್ರ ಮಗ, ಕೋಟಿನ ಒಳಜೇಬಿನಲ್ಲಿ ಟ್ರಾವೆಲರ್ಸ್ ಚೆಕ್ಕು, ಸೂಟ್‌ಕೇಸಿನಲ್ಲಿ ಕುಕ್ಕರ್ರು, ಕಕ್ಕಸಿನ ಪಕ್ಕದ ಸಾಲಿನಲ್ಲಿ ನಡುವಿನ ಸೀಟು. ಹತ್ತುವಾಗ ಮುಂದಿನ ಭಾಗವನ್ನು ಹಾದೇ ಹಿಂದಕ್ಕೆ ಹೋಗಬೇಕಲ್ಲ. ಅಲ್ಲಿ ಒಬ್ಬ ಮನುಷ್ಯ ಬೂಟು ಬಿಚ್ಚಿ, ಗಾಜಿನ ಲೋಟದಲ್ಲಿ ಕಿತ್ತಳೆ ರಸ ಕುಡಿಯುತ್ತಾ ಪೇಪರು ಓದುತ್ತಿದ್ದನಂತೆ. ವಿಮಾನ ಮೇಲೇರಿದ ಮೇಲೆ ಗಗನಸಖಿ ಬಂದು ಪರದೆ ಎಳೆದಳು. "ನಮ್ಮ ಮುಖಕ್ಕೇ ಎಳೆದುಬಿಟ್ಟಳು ನೋಡಿ" ಅಂತ ರಾಯರು ಇವತ್ತಿಗೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಆ ವರ್ಷ ಪರದೆಯ ಆಚೆ ಹಾಸಿಗೆ ಇರಲಿಲ್ಲ, ಇದ್ದದ್ದು ಒಳ್ಳೆಯ ಆರಾಮಕುರ್ಚಿ. ಬಿಸಿನೆಸ್ ಕ್ಲಾಸ್ ಅನ್ನುವುದು 1970ರ ದಶಕದ ಕೊನೆಗೆ ಹುಟ್ಟಿದ್ದು, ಪೂರಾ ದರ ಕೊಟ್ಟ ಆಫೀಸಿನವರನ್ನು ಅಗ್ಗದ ಟಿಕೇಟಿನ ಪ್ರವಾಸಿಗಳಿಂದ ಬೇರೆ ಕೂರಿಸೋಣ ಅಂತ. ಅದರಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ ತಂದದ್ದು 2000ದಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮೇಷ್ಟ್ರು ಮಗನಿಗೆ ಹೇಳಿಕೊಟ್ಟಿದ್ದರು. ಮಗ ಕಾಲು ಮೊದಲು ಚಾಚಿ, ಆಮೇಲೆ ಅದಕ್ಕೆ ಹೊಂದುವ ಹಾಸಿಗೆಯನ್ನು ಕಡಿಮೆ ದರದಲ್ಲಿ ಹುಡುಕಿಕೊಂಡು ಹೊರಟ.

ಆ ಹುಡುಕಾಟಕ್ಕೊಂದು ಶಾಸ್ತ್ರವಿದೆ. ವಿಮಾನ ಕಂಪನಿಗೆ ಸೀಟು ಮಾರುವುದಕ್ಕಿಂತ ಮುಖ್ಯವಾದ ಕಸುಬು, ಕೊಳ್ಳಲು ಬಂದವನ ಜೇಬು ಸ್ವಂತದ್ದೋ ಆಫೀಸಿನದ್ದೋ ಅಂತ ಪತ್ತೆ ಮಾಡುವುದು. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಸೋಮವಾರ ಹೋಗಿ ಶುಕ್ರವಾರ ಸಂಜೆ ಹೆಂಡತಿ ಮಕ್ಕಳ ಹತ್ತಿರ ಓಡಿಬರುವವನು ಆಫೀಸಿನ ದುಡ್ಡಿನವನು. ಅವನಿಗೆ ಐದಾರು ಸಾವಿರ ಡಾಲರ್ ಹೇಳಿದರೂ ಆತ ಹುಬ್ಬು ಏರಿಸುವುದಿಲ್ಲ. ಶನಿವಾರ ರಾತ್ರಿ ಅಲ್ಲೇ ಉಳಿಯುವವನು ಸ್ವಂತ ದುಡ್ಡಿನವನು; ತಿಂಗಳುಗಟ್ಟಲೆ ಮುಂಚೆ ಕೊಳ್ಳುವವನೂ ಅಷ್ಟೆ. ಅದೇ ಸೀಟು ಅವನಿಗೆ ಎರಡೂವರೆ ಸಾವಿರಕ್ಕೂ ಸಿಕ್ಕೀತು. ಹೀಗಾಗಿ ಒಂದೇ ಸಾಲಿನಲ್ಲಿ ಒಂದೇ ಊಟ ಮಾಡುತ್ತಿರುವ ನಾಲ್ವರು ನಾಲ್ಕು ದರ ಕೊಟ್ಟಿರುತ್ತಾರೆ, ಅದಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಜೆ ಅಂದರೆ ಪೂರಾ ದರ, ಸಾಹುಕಾರ. ಅದರ ಕೆಳಗೆ ಸಿ, ಡಿ, ಝಡ್ ಅಂತ ಏರ್‌ಲೈನಿಗೊಂದು ಇಳಿಜಾರು. ಪಾಯಿಂಟು ಕೊಟ್ಟವರಿಗೆ ಬಿಡುವ ಸೀಟಿಗೆ ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನುಗಳ ಕೂಟದಲ್ಲಿ ಐ, ಬ್ರಿಟಿಷ್ ಏರ್‌ವೇಸಿನಲ್ಲಿ ಯು. ನಟ್ಟಿರುಳು ರಾಯರು ಎದ್ದು ಕೂತು "ಫ್ರಾಂಕ್‌ಫರ್ಟಿಗೆ ಐ ಎರಡು ಬಿದ್ದಿದೆ ಕಣೇ!" ಅಂದರೆ ಅವರ ಮನೆಯವರು ಯಾರು ಬಿದ್ದದ್ದು, ಎಲ್ಲಿ ಬಿದ್ದದ್ದು ಅಂತ ಕೇಳುವುದನ್ನು ಬಿಟ್ಟು ವರ್ಷಗಳಾದವು. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟು ಆಕೆ, ಬೆಳಿಗ್ಗೆ ಆರಕ್ಕೆ ಡ್ಯೂಟಿ. "ಮನೇಲಿ ಹಾಲು ಮುಗಿದಿರೋದು ಇವರಿಗೆ ಗೊತ್ತಾಗಲ್ಲ, ಜರ್ಮನೀಲಿ ಸೀಟು ಖಾಲಿ ಆಗಿದ್ದು ಗೊತ್ತಾಗತ್ತೆ" ಅನ್ನುವುದು ಆಕೆಯ ಒಟ್ಟು ಅಭಿಪ್ರಾಯ.

ಆಫೀಸಿನವರು ಹಾರದ ದಿನಗಳಲ್ಲಿ ಮುಂದಿನ ಸೀಟು ಅಗ್ಗ. ಆಗಸ್ಟಿನಲ್ಲಿ ಯುರೋಪಿನ ಕಚೇರಿಗಳೆಲ್ಲ ರಜಾ, ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಎರಡೂ ದಡದಲ್ಲಿ ರಜಾ. ಹಿಂದಿನ ಎಕಾನಮಿ ತುಂಬಿ ತುಳುಕುವಾಗ ಮುಂದೆ ಹಾಸಿಗೆಗಳು ಬಿಕೋ ಎನ್ನುತ್ತಿರುತ್ತವೆ. ಇದನ್ನು ಪಂಚಾಂಗದ ಪಕ್ಕ ಇಟ್ಟು ನೋಡಿದ ಮೊದಲಿಗರು ನಮ್ಮ ರಾಯರೇ ಇರಬೇಕು. ಕ್ರಿಸ್‌ಮಸ್ ಬರುವುದು ಧನುರ್ಮಾಸದಲ್ಲಿ. ಬೇಸಿಗೆಯ ಸೇಲು ಶುರುವಾಗುವುದು ಆಷಾಢದ ಕೊನೆಗೆ. ಅಂದರೆ ಮದುವೆ ಮುಂಜಿ ಗೃಹಪ್ರವೇಶ ಯಾವುದೂ ಇಲ್ಲದ ದಿನ ನೋಡಿಯೇ ಅಟ್ಲಾಂಟಿಕ್ ಅಗ್ಗವಾಗುತ್ತದೆ. ಹೀಗಾಗಿ ರಾಯರು ಯಾರ ಮದುವೆಗೂ ಸಿಕ್ಕವರಲ್ಲ. ಮದುವೆಯ ಮನೆಗೆ ಮೂರು ತಿಂಗಳು ತಡವಾಗಿ ಚೆನ್ನಾಗಿ ನಿದ್ದೆ ಮಾಡಿಕೊಂಡು ಬರುತ್ತಾರೆ.

ದುಡ್ಡಿನ ದಾರಿ ಇಷ್ಟಾದರೆ ಪಾಯಿಂಟಿನ ದಾರಿಯೇ ಬೇರೆ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸು ಅಡ್ವಾಂಟೇಜ್ ಅನ್ನುವ ಯೋಜನೆ ತೆರೆದು ಗಿರಾಕಿಗಳು ಹಾರಿದ ಮೈಲಿಗೆ ಖಾತೆ ಬರೆಯತೊಡಗಿತು. ಮಿಕ್ಕವರೂ ಬರೆದರು, ಆಮೇಲೆ ಬ್ಯಾಂಕಿನವರು ಸೇರಿಕೊಂಡರು. ಈಗ ಮೈಲು ಕೂಡಿಹಾಕಲು ಹಾರಬೇಕೆಂದೇ ಇಲ್ಲ. ಓಕ್ ಟ್ರೀ ರಸ್ತೆಯ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡು ಕಾರ್ಡು ಉಜ್ಜಿದರೂ ಮೈಲು. ಯಾವ ಅಂಗಡಿಗೆ ಯಾವ ಕಾರ್ಡು ಅನ್ನುವುದನ್ನು ರಾಯರು ಸಣ್ಣ ಚೀಟಿಯಲ್ಲಿ ಬರೆದು ಪ್ರತಿ ಕಾರ್ಡಿನ ಬೆನ್ನಿಗೂ ಅಂಟಿಸಿದ್ದಾರೆ: "ದಿನಸಿ", "ಪೆಟ್ರೋಲ್", "ಹೋಟೆಲ್", "ಮುಟ್ಟಬೇಡ". ಚೇಸ್ ಬ್ಯಾಂಕಿನವರು ಎರಡು ವರ್ಷದಲ್ಲಿ ಐದು ಹೊಸ ಕಾರ್ಡು ತೆಗೆದುಕೊಂಡವರಿಗೆ ಇನ್ನೊಂದು ಕೊಡುವುದಿಲ್ಲ ಅನ್ನುವುದು ಈ ಮಂಡಲಿಯಲ್ಲಿ ಎಲ್ಲರಿಗೂ ಬಾಯಿಪಾಠ. ಹಾಗೆ ಬಾಗಿಲು ಮುಚ್ಚಿದಾಗ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕುತ್ತಾರೆ. ಈ ಆಟದ ಪರಿಭಾಷೆಯಲ್ಲಿ ಹೆಂಡತಿಗೆ ಪ್ಲೇಯರ್ ಟೂ ಅನ್ನುತ್ತಾರೆ. ಒಮ್ಮೆ ರಾಯರು ಬಾಯಿತಪ್ಪಿ ನಾಲ್ಕು ಜನರೆದುರು "ನಮ್ಮ ಪ್ಲೇಯರ್ ಟೂ ಎಲ್ಲಿ?" ಅಂದುಬಿಟ್ಟರು. ಆಕೆ ಅಡುಗೆಮನೆಯಿಂದಲೇ, "ಪ್ಲೇಯರ್ ವನ್ ಬಂದು ಪಾತ್ರೆ ತೊಳೀಲಿ, ಆಮೇಲೆ ಹೇಳ್ತೀನಿ" ಅಂದರು.

ಹೋಟೆಲಿನಲ್ಲಿ ಬಿಲ್ಲು ಬಂದಾಗ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಕೈ ತೊಳೆಯುವ ನೆನಪಾಗುತ್ತದೆ, ಅದು ಲೋಕರೂಢಿ. ರಾಯರು ಮಾತ್ರ ಬಿಲ್ಲಿನ ಮೇಲೆ ಎರಗುತ್ತಾರೆ. ಬೇರೆ ಯಾರಾದರೂ ಕೈ ಹಾಕಿದರೆ ಮಣಿಕಟ್ಟು ಹಿಡಿದು, "ಛೆ ಛೆ, ನಾನಿರುವಾಗ!" ನಾವೆಲ್ಲ ಎಂಥ ದೊಡ್ಡ ಮನುಷ್ಯ ಅಂದುಕೊಂಡು ಮನೆಗೆ ಬಂದೆವು. ಮಾರನೆಯ ಬೆಳಿಗ್ಗೆ ಒಬ್ಬೊಬ್ಬರ ಫೋನಿಗೂ ಅವರವರ ಪಾಲಿನ ಲೆಕ್ಕ ಬಂತು, ಟಿಪ್ಪು ಸೇರಿಸಿ, ನಾನು ಬೇಡವೆಂದರೂ ಬಂದ ಗುಲಾಬ್ ಜಾಮೂನಿನ ಎಂಟನೇ ಒಂದು ಭಾಗವನ್ನೂ ಸೇರಿಸಿ. ಊಟದ ಬಿಲ್ಲಿಗೆ ಮೂರು ನಾಲ್ಕು ಪಟ್ಟು ಪಾಯಿಂಟು ಕೊಡುವ ಕಾರ್ಡು ಅದು. ಕನ್ನಡ ಕೂಟದ ಖಜಾಂಚಿ ಹುದ್ದೆಯನ್ನು ಅವರು ಯಾರಿಗೂ ಬಿಟ್ಟುಕೊಡದೆ ವರ್ಷವರ್ಷ ಹೊತ್ತುಕೊಂಡಿರುವುದೂ ಇದೇ ಧರ್ಮಬುದ್ಧಿಯಿಂದ. ಹಾಲಿನ ಬಾಡಿಗೆ, ಅಡುಗೆಯವರ ದುಡ್ಡು, ಊರಿಂದ ಬಂದ ಗಾಯಕರ ಟಿಕೇಟು ಎಲ್ಲವನ್ನೂ ಮೊದಲು ತಮ್ಮ ಕಾರ್ಡಿನಿಂದ ಕಟ್ಟಿ, ಆಮೇಲೆ ಕೂಟದಿಂದ ಚೆಕ್ಕು ಬರೆಸಿಕೊಳ್ಳುತ್ತಾರೆ. ರಾಜ್ಯೋತ್ಸವ ಮುಗಿಯುವ ಹೊತ್ತಿಗೆ ಕನ್ನಡದ ಸೇವೆಯೂ ಆಗಿರುತ್ತದೆ, ಮ್ಯಾಡ್ರಿಡ್ಡಿಗೆ ಅರ್ಧ ದಾರಿಯೂ ಆಗಿರುತ್ತದೆ.

ಮ್ಯಾಡ್ರಿಡ್ ಯಾಕೆ ಅಂತ ಕೇಳಬೇಡಿ. ನಾನು ಕೇಳಿದ್ದೆ. ಬ್ರಿಟಿಷ್ ಏರ್‌ವೇಸಿಗೂ ಐಬೇರಿಯಾಕ್ಕೂ ನಾಣ್ಯ ಒಂದೇ, ಏವಿಯೋಸ್. ಆದರೆ ಲಂಡನ್ನಿಗೆ ಹೋದರೆ ಪಾಯಿಂಟು ಕೊಟ್ಟ ಮೇಲೂ ಸರ್‌ಚಾರ್ಜ್ ಅಂತ ನೂರಾರು ಡಾಲರ್ ಕೈಬಿಡುತ್ತದೆ, ಐಬೇರಿಯಾದಲ್ಲಿ ಮ್ಯಾಡ್ರಿಡ್ಡಿಗೆ ಹೋದರೆ ಅದು ಬಹಳ ಕಡಿಮೆ. ಆದ್ದರಿಂದ ನ್ಯೂಜೆರ್ಸಿಯಿಂದ ಮೈಸೂರಿಗೆ ದಾರಿ ಸ್ಪೇನಿನ ಮೇಲೆ. ಬ್ಯಾಂಕಿನ ಪಾಯಿಂಟನ್ನು ಏರ್‌ಲೈನಿಗೆ ವರ್ಗಾಯಿಸುವಾಗ ಒಮ್ಮೊಮ್ಮೆ ನೂರಕ್ಕೆ ಇಪ್ಪತ್ತೈದು ಮೂವತ್ತು ಹೆಚ್ಚಿಗೆ ಕೊಡುತ್ತಾರೆ. ಆ ಸುದ್ದಿ ಬಂದ ದಿನ ರಾಯರ ಮುಖದಲ್ಲಿ, ದೇವರಾಜ ಮಾರುಕಟ್ಟೆಯಲ್ಲಿ ಬೀನ್ಸು ತೂಗಿ ಆದಮೇಲೆ ಮೇಲೊಂದು ಹಿಡಿ ಕೊಸರು ಹಾಕಿಸಿಕೊಂಡ ಅವರಮ್ಮನ ಗೆಲುವು ಕಾಣುತ್ತದೆ. ಕೊಸರು ಕೇಳದೆ ಚೀಲದ ಬಾಯಿ ಮುಚ್ಚಿದವರೇ ಅಲ್ಲ ಆ ತಾಯಿ.

ಈ ಪಂಥಕ್ಕೂ ಒಬ್ಬ ಮೂಲಪುರುಷನಿದ್ದಾನೆ. ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್, ಸಿವಿಲ್ ಎಂಜಿನಿಯರ್. 1999ರಲ್ಲಿ ಆಹಾರದ ಕಂಪನಿಯೊಂದು ತನ್ನ ಪೊಟ್ಟಣದ ಮೇಲಿನ ಬಾರ್‌ಕೋಡ್ ಕತ್ತರಿಸಿ ಕಳಿಸಿದವರಿಗೆ ಮೈಲು ಕೊಡುವುದಾಗಿ ಸಾರಿತು. ಈತ ಹುಡುಕಿ ಹುಡುಕಿ ಅತಿ ಅಗ್ಗದ ಪುಡ್ಡಿಂಗ್ ಕಪ್ಪುಗಳನ್ನು ಕಂಡುಹಿಡಿದ. ಸುಮಾರು 3,140 ಡಾಲರಿಗೆ 12,150 ಕಪ್ಪು ಕೊಂಡ. ಲೇಬಲ್ಲು ಕೀಳಲು ಕೈ ಸಾಲದೆ, ಪುಡ್ಡಿಂಗನ್ನೆಲ್ಲ ಸಾಲ್ವೇಶನ್ ಆರ್ಮಿಗೆ ದಾನ ಮಾಡಿ, ಅವರಿಂದಲೇ ಲೇಬಲ್ಲು ಕೀಳಿಸಿಕೊಂಡ. ಬಂದದ್ದು ಹನ್ನೆರಡು ಲಕ್ಷಕ್ಕೂ ಮೀರಿ ಮೈಲು. ದಾನಕ್ಕೆ ತೆರಿಗೆಯಲ್ಲಿ ರಿಯಾಯಿತಿ ಬೇರೆ. ಈ ಕಥೆ ಹೇಳುವಾಗ ರಾಯರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅವರ ಮನೆಯವರು ಆಗಿನಿಂದ ನೆಲಮಾಳಿಗೆಯ ಬೀಗದ ಕೈಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ.

ಆದರೆ ರಾಯರ ಜೀವಮಾನದ ಕೃತಿ ಅಂದರೆ ಡಬ್ಲಿನ್ ಸರಪಳಿ. ಇದು ನನಗೆ ಅರ್ಥವಾಗಲು ಒಂದು ಇಡೀ ಮಳೆಗಾಲದ ಸಂಜೆ ಹಿಡಿಯಿತು. ಬ್ರಿಟನ್ನಿನಿಂದ ಹೊರಡುವ ದೂರದ ವಿಮಾನಗಳಿಗೆ ಅಲ್ಲಿನ ಸರ್ಕಾರ ಪ್ರಯಾಣಿಕರ ಸುಂಕ ಹಾಕುತ್ತದೆ, ಮುಂದಿನ ಸೀಟಿನವರಿಗೆ ಜಾಸ್ತಿ. ಅಮೆರಿಕಕ್ಕೆ ಬರುವವರಿಗೆ 2025ರ ಏಪ್ರಿಲ್‌ನಲ್ಲಿ ಅದು 216 ಪೌಂಡಿಗೆ ಏರಿತು. ಪಕ್ಕದ ಐರ್ಲೆಂಡ್ ತನ್ನ ಸುಂಕವನ್ನು 2014ರಲ್ಲೇ ತೆಗೆದುಹಾಕಿದೆ. ಅದಲ್ಲದೆ ಟಿಕೇಟಿನ ದರ ನಿಂತಿರುವುದು ಎಷ್ಟು ದೂರ ಅನ್ನುವುದರ ಮೇಲಲ್ಲ, ಎಲ್ಲಿಂದ ಶುರು ಅನ್ನುವುದರ ಮೇಲೆ. ಆದ್ದರಿಂದ ಲಂಡನ್ನಿನವರು ಮೊದಲು ಸಮುದ್ರ ದಾಟಿ ಡಬ್ಲಿನ್ನಿಗೆ ಹೋಗಿ, ಅಲ್ಲಿಂದ ಮತ್ತೆ ಲಂಡನ್ನಿಗೇ ಬಂದು, ಅಮೆರಿಕದ ವಿಮಾನ ಹತ್ತುತ್ತಾರೆ. ನಮ್ಮ ರಾಯರು ಇದನ್ನು ತಿರುಗಿಸಿ ಹಾಕಿದರು. ಒಮ್ಮೆ ಪಾಯಿಂಟಿನಲ್ಲಿ ಡಬ್ಲಿನ್ ಮುಟ್ಟಿ, ಅಲ್ಲಿಂದ ನ್ಯೂಯಾರ್ಕಿಗೆ ಹೋಗಿಬರುವ ಟಿಕೇಟು ಕೊಂಡರು. ಹೋಗುವ ಅರ್ಧದಲ್ಲಿ ಮನೆಗೆ ಬಂದರು. ಬರುವ ಅರ್ಧವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡರು. ಮುಂದಿನ ವರ್ಷ ಅದರಲ್ಲಿ ಡಬ್ಲಿನ್ನಿಗೆ "ವಾಪಸು" ಹೋಗಿ, ಅಲ್ಲಿಂದ ಬೆಂಗಳೂರು ನೋಡಿಕೊಂಡು ಬಂದು, ಡಬ್ಲಿನ್ನಿನಲ್ಲಿ ಮತ್ತೊಂದು ಹೋಗಿಬರುವ ಟಿಕೇಟು. ಹೀಗೆ ಏರ್‌ಲೈನಿನ ಕಂಪ್ಯೂಟರಿನ ಪ್ರಕಾರ ರಾಯರು ಐರ್ಲೆಂಡಿನವರು, ವರ್ಷಕ್ಕೊಮ್ಮೆ ನ್ಯೂಜೆರ್ಸಿ ನೋಡಲು ಬರುತ್ತಾರೆ, ಸ್ವಲ್ಪ ದೀರ್ಘವಾಗಿ ಉಳಿಯುತ್ತಾರೆ.

ಇದರಲ್ಲಿ ಒಂದು ತೊಡಕಿದೆ. ಉಳಿದ ಅರ್ಧವನ್ನು ವರ್ಷದೊಳಗೆ ಹಾರಲೇಬೇಕು, ಇಲ್ಲದಿದ್ದರೆ ದುಡ್ಡು ನೀರಿಗೆ. ಹಾಗಾಗಿ ರಾಯರ ಯಾವ ಪ್ರವಾಸವೂ ಮುಗಿಯುವುದಿಲ್ಲ. ಮುಗಿದದ್ದೆಲ್ಲ ಇನ್ನೊಂದರ ಅರ್ಧ. ಕಳೆದ ಸಲ ಮೈಕೈ ನೋವು, ಜ್ವರ, ಎಲ್ಲೂ ಹೋಗುವ ಮನಸ್ಸಿಲ್ಲ, ಊರಲ್ಲಿ ಕೆಲಸವೂ ಇಲ್ಲ, ಆದರೂ ಹೋದರು. ಅರ್ಧ ಕೊಳೆಯುತ್ತಿತ್ತಂತೆ. ಅತ್ತೆ ಮಾವನನ್ನೂ ಒಮ್ಮೆ ಈ ಸರಪಳಿಗೆ ಪೋಣಿಸಲು ನೋಡಿದರು. ಅವರದು ಭಾರತದ ಪಾಸ್‌ಪೋರ್ಟು. ಡಬ್ಲಿನ್ನಿನಲ್ಲಿ ಹೊರಗೆ ಬಂದು ಮತ್ತೆ ಚೆಕಿನ್ ಮಾಡಬೇಕೆಂದರೆ ಐರ್ಲೆಂಡಿನ ವೀಸಾ ಬೇಕು. ಅರ್ಜಿ, ಬ್ಯಾಂಕ್ ಸ್ಟೇಟ್‌ಮೆಂಟು, ಯಾಕೆ ಬರುತ್ತಿದ್ದೀರಿ ಅನ್ನುವ ಕಾಲಮ್ಮು. ಮಾವನವರು ನಿವೃತ್ತ ಹೆಡ್ ಗುಮಾಸ್ತರು, ಸುಳ್ಳು ಬರೆಯುವವರಲ್ಲ. ಆ ಕಾಲಮ್ಮಿನಲ್ಲಿ "ಅಳಿಯನಿಗಾಗಿ" ಅಂತ ಬರೆದರಂತೆ.

2015ರ ಫೆಬ್ರವರಿಯ ದಿನವೊಂದನ್ನು ಹೇಳದಿದ್ದರೆ ರಾಯರು ನನ್ನನ್ನು ಕ್ಷಮಿಸುವುದಿಲ್ಲ. ಅಮೆರಿಕದ ಒಂದು ದೊಡ್ಡ ಏರ್‌ಲೈನಿನ ಜಾಲತಾಣದಲ್ಲಿ ಡೆನ್ಮಾರ್ಕಿನ ಕ್ರೋನರ್ ಲೆಕ್ಕ ಎಲ್ಲೋ ಕೆಟ್ಟು, ಲಂಡನ್ನಿನಿಂದ ನೆವಾರ್ಕಿಗೆ ಮುಂದಿನ ಕ್ಯಾಬಿನ್ನಿನ ಟಿಕೇಟು ಸುಮಾರು ಎಪ್ಪತ್ತೈದು ಡಾಲರಿಗೆ ಬಿತ್ತು. ಮಾಡಬೇಕಾದ್ದು ಇಷ್ಟೇ: ದುಡ್ಡು ಕಟ್ಟುವಾಗ ನಾನು ಡೆನ್ಮಾರ್ಕಿನವನು ಅನ್ನಬೇಕು. ರಾಯರು ಆ ದಿನ ಡೆನ್ಮಾರ್ಕಿನವರಾದರು. ಹೆಂಡತಿಯನ್ನೂ ಮಾಡಿದರು, ಮಕ್ಕಳನ್ನೂ ಮಾಡಿದರು, ಅಮೆರಿಕದ ವೀಸಾ ಇಲ್ಲದ, ದಾವಣಗೆರೆ ಬಿಟ್ಟು ಬಾರದ ಸೋದರಮಾವನನ್ನೂ ಮಾಡಿದರು. ಸ್ವಲ್ಪದರಲ್ಲೇ ಕಂಪನಿ ಎಲ್ಲವನ್ನೂ ರದ್ದು ಮಾಡಿತು. ಸಾವಿರಾರು ಜನ ದೂರು ಕೊಟ್ಟರೂ ಅಮೆರಿಕದ ಸಾರಿಗೆ ಇಲಾಖೆ ಕಂಪನಿಯ ಪರವಾಗಿಯೇ ನಿಂತಿತು. ಸೋದರಮಾವನವರಿಗೆ ಮಾತ್ರ ಬೇಸರ ಹೋಗಿಲ್ಲ. "ನಮ್ಮ ಅಮೆರಿಕ ಟಿಕೇಟು ಏನಾತಪ್ಪಾ?" ಅಂತ ಪ್ರತಿ ದೀಪಾವಳಿಗೂ ಕೇಳುತ್ತಾರೆ.

ಇಷ್ಟೆಲ್ಲ ಪಾಡು ಪಟ್ಟು ಸಿಕ್ಕ ಹಾಸಿಗೆಯಲ್ಲಿ ರಾಯರು ಮಲಗುತ್ತಾರೆಯೇ? ನೆವಾರ್ಕಿನಿಂದ ಪ್ಯಾರಿಸ್ಸಿಗೆ ಒಮ್ಮೆ ನಾವಿಬ್ಬರೂ ಒಂದೇ ವಿಮಾನದಲ್ಲಿದ್ದೆವು, ಅವರು ಮುಂದೆ, ನಾನು ಹಿಂದೆ. ಮೇಲೇರಿ ಸೀಟ್ ಬೆಲ್ಟಿನ ದೀಪ ಆರಿದ್ದೇ ತಡ, ರಾಯರು ಪರದೆ ಸರಿಸಿಕೊಂಡು ನನ್ನ ಸಾಲಿಗೆ ಬಂದರು. ಕೈಯಲ್ಲಿ ಪಿಂಗಾಣಿ ಬಟ್ಟಲು, ಬಿಸಿ ಮಾಡಿದ ಗೋಡಂಬಿ. "ತಗೊಳ್ಳಿ, ಬಿಸಿ ಇದೆ." ನನ್ನ ಪಕ್ಕದ ಫ್ರೆಂಚ್ ಮುದುಕಿಗೂ ಎರಡು ಕೊಟ್ಟರು. ಊಟದ ನಂತರ ಮತ್ತೆ ಬಂದು, ಹಿಂದೆ ಫಾಯಿಲಿನಲ್ಲಿ ಬಂದ ರಾಜ್ಮಾವೇ ಮುಂದೆ ತಟ್ಟೆಯಲ್ಲಿ ಬಂತು ಅಂತ ವರದಿ ಒಪ್ಪಿಸಿದರು. ನಮ್ಮ ಸಸ್ಯಾಹಾರ ಅಂದರೆ ಎರಡೂ ಕ್ಲಾಸಿಗೆ ಒಂದೇ ಒಲೆ. ದೀಪ ಆರಿಸಿದ ಮೇಲೆ ಇನ್ನೊಮ್ಮೆ ಹಜಾರದಲ್ಲಿ ನಿಂತು ಪಿಸುಗುಟ್ಟಿದರು, "ನಾನು ಕೊಟ್ಟಿದ್ದು ಎಷ್ಟು ಹೇಳಿ ನೋಡೋಣ?" ಗಗನಸಖಿ ಬಂದು, ಸರ್ ನಿಮ್ಮ ಹಾಸಿಗೆ ಹಾಸಿದೆ, ಅಂದಳು. ಆಕೆಯ ದನಿಯಲ್ಲಿ ಕೋರಿಕೆಯಿತ್ತು.

ಲೆಕ್ಕ ಹಾಕಿ. ಪೂರ್ವಕ್ಕೆ ಹಾರುವಾಗ ಅಟ್ಲಾಂಟಿಕ್ ಅಂದರೆ ಆರೂವರೆ ಏಳು ಗಂಟೆ. ಊಟಕ್ಕೆ ಒಂದೂವರೆ, ತಿಂಡಿಗೆ ಎಬ್ಬಿಸುವುದು ಇಳಿಯುವ ಒಂದು ಗಂಟೆಗೆ ಮುಂಚೆ. ಉಳಿಯುವ ನಾಲ್ಕು ಗಂಟೆಯಲ್ಲಿ ರಾಯರು ಹಾಸಿಗೆಯ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಬೇಕು, ಫೋಟೋ ತೆಗೆಯಬೇಕು, ಪಕ್ಕದವನು ಎಷ್ಟು ಕೊಟ್ಟಿರಬಹುದು ಅಂತ ಅವನ ಬೂಟು ನೋಡಿ ಅಂದಾಜು ಮಾಡಬೇಕು. ಅವರ ದೊಡ್ಡ ಶತ್ರು ಹಿಂದಿನಿಂದ ಬೀಸುವ ಗಾಳಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಬ್ರಿಟಿಷ್ ಏರ್‌ವೇಸಿನ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿ ದಾಖಲೆ ಮಾಡಿದಾಗ ಜಗತ್ತೆಲ್ಲ ಭೇಷ್ ಅಂದಿತು. ರಾಯರು ಮಾತ್ರ ಹೊಟ್ಟೆ ಉರಿದುಕೊಂಡರು: "ಪಾಪ, ಮುಂದೆ ಕೂತವರ ಗತಿ ಏನು! ಎರಡು ಗಂಟೆ ನಿದ್ದೆ ಲಾಸು." ಬರುವಾಗಲಾದರೂ ಎಂಟು ಗಂಟೆ ಸಿಗುತ್ತದಲ್ಲ ಅಂದರೆ, ಅದು ಹಗಲು, ಹಗಲು ಮಲಗಿದರೆ ಅವರಿಗೆ ತಲೆನೋವು.

ಪ್ಯಾರಿಸ್ಸಿನ ಓರ್ಲಿಯಿಂದ ನೆವಾರ್ಕಿಗೆ ಹಾರುವ ಲಾ ಕಾಂಪನಿ ಅನ್ನುವ ಏರ್‌ಲೈನಿನಲ್ಲಿ ಎಕಾನಮಿಯೇ ಇಲ್ಲ, ವಿಮಾನವಿಡೀ 76 ಬಿಸಿನೆಸ್ ಸೀಟು, ದರವೂ ದೊಡ್ಡವರಿಗಿಂತ ಕಡಿಮೆ. ರಾಯರಿಗೆ ಹೇಳಿ ಮಾಡಿಸಿದ್ದು ಅಂತ ನಾವು ತಿಳಿದೆವು. ಒಮ್ಮೆ ಹೋಗಿ ಮಂಕಾಗಿ ಬಂದರು. "ಚೆನ್ನಾಗೇನೋ ಇದೆ. ಆದ್ರೆ ಹಿಂದಕ್ಕೆ ತಿರುಗಿ ನೋಡಿದ್ರೆ ಯಾರೂ ಇಲ್ಲ." ಹಾಗಂತ ಆ ಬಗೆಯ ಕಂಪನಿಗಳ ಮೇಲೆ ಅವರಿಗೆ ಮಮತೆ ಇಲ್ಲದಿಲ್ಲ. ಇಂಥದೇ ಆಸೆ ಹೊತ್ತು ಲಂಡನ್–ನ್ಯೂಯಾರ್ಕ್ ಹಾರಿದ ಮ್ಯಾಕ್ಸ್‌ಜೆಟ್ 2007ರ ಡಿಸೆಂಬರಿನಲ್ಲಿ, ಈಯೋಸ್ 2008ರ ಏಪ್ರಿಲ್‌ನಲ್ಲಿ, ಸಿಲ್ವರ್‌ಜೆಟ್ ಅದೇ ವರ್ಷ ಮೇ ತಿಂಗಳಲ್ಲಿ ಮುಚ್ಚಿಹೋದವು. ಆ ತಿಂಗಳುಗಳು ರಾಯರ ನಾಲಿಗೆ ಮೇಲಿವೆ. ಅವರಜ್ಜನ ತಿಥಿ ಯಾವ ಮಾಸದಲ್ಲಿ ಅಂತ ಮಾತ್ರ ಹೆಂಡತಿಯನ್ನು ಕೇಳಬೇಕು.

ನಾವಿಬ್ಬರೂ ಒಂದೇ ವಿಮಾನದಲ್ಲಿ ಹೋದ ಆ ಸಲದ ಮಾತಿಗೆ ಮರಳಿದರೆ, ಪ್ಯಾರಿಸ್ಸಿನಿಂದ ಬೆಂಗಳೂರಿಗೆ ಇನ್ನೂ ಹತ್ತು ಗಂಟೆ. ಆ ತುಂಡಿಗೆ ಬಿಸಿನೆಸ್ ಕ್ಲಾಸು ಯಾವತ್ತೂ ಅಗ್ಗವಾಗುವುದಿಲ್ಲ, ಪಾಯಿಂಟಿಗೂ ಬೀಳುವುದಿಲ್ಲ. ಹಾಗಾಗಿ ಅಟ್ಲಾಂಟಿಕ್ ಮೇಲೆ ಮಲಗಲು ಹಾಸಿಗೆಯಿದ್ದೂ ನಿದ್ದೆ ಮಾಡದ ರಾಯರು, ಅಲ್ಲಿಂದ ಮುಂದೆ ನನ್ನ ಪಕ್ಕದ ನಡುವಿನ ಸೀಟಿಗೆ ಬಂದು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತರು. ಕೂತ ಐದು ನಿಮಿಷಕ್ಕೆ ಗೊರಕೆ. ಕಾಸ್ಪಿಯನ್ನು, ಕರಾಚಿ, ಬಾಂಬೆ ಎಲ್ಲ ಕೆಳಗೆ ಹಾದುಹೋದರೂ ಎಚ್ಚರವಿಲ್ಲ. ಆ ರಾತ್ರಿ ವಿಮಾನದಲ್ಲಿ ಅವರಷ್ಟು ಸುಖವಾಗಿ ಮಲಗಿದವರು ಮುಂದೆ ಕೂಡ ಯಾರೂ ಇರಲಾರರು. ಅವರ ತಲೆ ಹೊತ್ತು ಜುಮುಗುಟ್ಟಿದ ನನ್ನ ಎಡಭುಜ ಸಾಕ್ಷಿ.

ವಿಮಾನದಲ್ಲಿ ಕೊಡುವ ಚೀಲಗಳು ಮಾತ್ರ ಲೋಕಕ್ಕೆ ಉಪಕಾರವಾಗಿವೆ. ಅತ್ತೆಯವರು ಎಲೆಅಡಿಕೆ ಇಟ್ಟುಕೊಳ್ಳುವುದು ಏರ್ ಫ್ರಾನ್ಸಿನ ಪೌಚಿನಲ್ಲಿ, ಸುಣ್ಣದ ಡಬ್ಬಿ ಅದರ ಟೂತ್‌ಪೇಸ್ಟಿನ ಜಾಗದಲ್ಲಿ. ಅವರ ಸರಸ್ವತಿಪುರಂ ಮನೆಯ ಕೆಲಸದಾಕೆ ಐಬೇರಿಯಾದ ಕಾಲುಚೀಲ ಹಾಕಿಕೊಂಡು ಮಾಗಿಯ ಚಳಿಯಲ್ಲಿ ರಂಗೋಲಿ ಹಾಕುತ್ತಾಳೆ.

ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಸಹಸ್ರಚಂದ್ರ ದರ್ಶನ ಶಾಂತಿ ಮಾಡಬೇಕೆಂದು ನಿಶ್ಚಯವಾಗಿ, ಶನಿವಾರ ಬೆಳಿಗ್ಗೆ ರಾಯರು ಮೈಸೂರಿಗೆ ವಾಟ್ಸಾಪ್ ಕರೆ ಮಾಡಿದಾಗ ನಾನೂ ಕಾಫಿಗೆ ಅಂತ ಅಲ್ಲಿದ್ದೆ. ಒಂದು ಕಡೆ ಲ್ಯಾಪ್‌ಟಾಪಿನಲ್ಲಿ ಏರ್‌ಲೈನಿನ ಕ್ಯಾಲೆಂಡರು, ಇನ್ನೊಂದು ಕಡೆ ಫೋನಿನಲ್ಲಿ ಶಾಸ್ತ್ರಿಗಳು, ಪಂಚಾಂಗ ಬಿಚ್ಚಿಕೊಂಡು. ಹಿಂದೆ ಆರಾಮಕುರ್ಚಿಯಲ್ಲಿ ಮೇಷ್ಟ್ರು.

"ಮಾಘ ಶುದ್ಧದಲ್ಲಿ ಒಂದು ದಿವ್ಯವಾದ ದಿನ ಇದೆ" ಅಂದರು ಶಾಸ್ತ್ರಿಗಳು.

"ಮಾಘ ಅಂದ್ರೆ ಫೆಬ್ರವರಿ ತಾನೆ? ಬಹಳ ಒಳ್ಳೇದು ಶಾಸ್ತ್ರಿಗಳೇ, ಅಟ್ಲಾಂಟಿಕ್ ಖಾಲಿ ಇರತ್ತೆ." ರಾಯರು ಕೀಲಿಮಣೆ ಕುಟ್ಟಿದರು, ಮುಖ ಇಳಿಯಿತು. "ಆ ದಿನಕ್ಕೆ ಸರಿಹೋಗೋ ಹಾಗೆ ಒಂದೇ ಸೀಟು ಇದೆ. ಮುಹೂರ್ತ ಮೂರು ದಿನ ಆಚೀಚೆ ಆದ್ರೆ ನಡೆಯತ್ತಾ?"

ಆ ಕಡೆ ತುಸು ಹೊತ್ತು ಮಾತಿಲ್ಲ. "ಚಂದ್ರನ್ನ ಕೇಳಬೇಕಾಗತ್ತೆ" ಅಂದರು ಶಾಸ್ತ್ರಿಗಳು. ಪುಟ ತಿರುವುವ ಸದ್ದು. "ದಶಮಿ ಇದೆ. ಪರವಾಗಿಲ್ಲ ಅನ್ನೋ ಮಟ್ಟಕ್ಕಿದೆ."

"ದಶಮಿ ಹೋಗೋಕೆ ಎರಡಿದೆ, ಬರೋಕೆ ಮ್ಯಾಡ್ರಿಡ್ಡಿನಲ್ಲಿ ಒಂದು ರಾತ್ರಿ ಕಾಯಬೇಕು. ಅದರ ಮುಂದಿನ ವಾರ?"

"ಮುಂದಿನ ವಾರ ಕೃಷ್ಣಪಕ್ಷ ಬರತ್ತಲ್ಲಪ್ಪ. ಕ್ಷಯಿಸೋ ಚಂದ್ರ ಈ ಶಾಂತಿಗೆ ಅಷ್ಟು ಪ್ರಶಸ್ತ ಅಲ್ಲ." ಆಮೇಲೆ ಶಾಸ್ತ್ರಿಗಳು ದನಿ ತಗ್ಗಿಸಿ, "ಅದಿರಲಿ, ನನ್ನ ಮಗ ಟೆಕ್ಸಾಸಿನ ದೇವಸ್ಥಾನದಲ್ಲಿ ಅರ್ಚಕ ಆಗಿದ್ದಾನೆ. ಅವನಿಗೆ ಯಾವ ಕಾರ್ಡು ಒಳ್ಳೇದು ಅಂತೀರಿ?"

ಅಲ್ಲಿಗೆ ಪಂಚಾಂಗ ಮುಚ್ಚಿತು. ಪರಿಚಯದವರನ್ನು ಕಾರ್ಡಿಗೆ ಸೇರಿಸಿದರೆ ಸೇರಿಸಿದವನಿಗೂ ಪಾಯಿಂಟು ಬರುತ್ತದೆ. ರಾಯರು ಕುರ್ಚಿಯ ಅಂಚಿಗೆ ಬಂದರು. ಎರಡು ಬಾರಿ ಕಾಫಿ ಆರಿತು. ಕೊನೆಗೆ ಹಿಂದಿನಿಂದ ಮೇಷ್ಟ್ರ ದನಿ ಕೇಳಿಸಿತು, ನಿಧಾನವಾಗಿ, ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಷ್ಟು ಸ್ಪಷ್ಟವಾಗಿ: "ಯಾವ ದಿನ ಆದ್ರೂ ಸರಿ ಕಣಪ್ಪ. ನಾನಿರೋ ದಿನ ನೋಡಿ ಇಟ್ಕೊಳ್ಳಿ."

"ಅದಕ್ಕೇ ಅಣ್ಣಾ," ಅಂದರು ರಾಯರು ಪರದೆಯಿಂದ ಕಣ್ಣು ಕೀಳದೆ, "ರೀಫಂಡಬಲ್ ನೋಡ್ತಿದೀನಿ."